ನಿಕಾಹಿಗೊಬ್ಬ ವಕೀಲ, ಅಗಲಿಕೆಗೊಬ್ಬ ವಕೀಲ

ನಮ್ಮ ಕಡೆಯ ನಿಕಾಹ್ ಮಜ್ಲಿಸ್‌ಗಳಲ್ಲಿ ಒಂದು ಪದ್ಧತಿಯಿದೆ. ಖುತ್ಬಾ ಆರಂಭವಾಗುವ ಮೊದಲು ವಧುವಿನ ಪರವಾಗಿ ಒಬ್ಬ ವಕೀಲರೂ ಇಬ್ಬರು ಗವಾಹರೂ ಒಳಮನೆಗೆ ಹೋಗುತ್ತಾರೆ. ವರನ ಹೆಸರನ್ನೂ ಮಹ್ರ್‌ನ ಮೊತ್ತವನ್ನೂ ತಿಳಿಸಿ ಆಕೆಯ ಒಪ್ಪಿಗೆ ಕೇಳುತ್ತಾರೆ. ಅವರು ಹೊರಬಂದು ಸಭೆಗೆ ತಿಳಿಸುವ ತನಕ ಕಾಜಿ ಸಾಹೇಬರೂ ಕಾಯುತ್ತಾರೆ. ‘ವಕೀಲ’ ಎಂಬುದು ಅರಬಿ ಭಾಷೆಯ ಪದ. ಇನ್ನೊಬ್ಬರ ಹೊಣೆಯನ್ನು ವಹಿಸಿಕೊಂಡು ಅವರ ಪರವಾಗಿ ನಿಲ್ಲುವವನು ಎಂಬುದು ಅದರ ಅರ್ಥ. ನ್ಯಾಯಾಲಯದಲ್ಲಿ ಕರಿಕೋಟು ತೊಟ್ಟು ನಿಲ್ಲುವವರಿಗೂ ನಮ್ಮ ನಾಡಿನ ಜನ ಇದೇ ಹೆಸರನ್ನು ಕೊಟ್ಟಿದ್ದಾರೆ. ಅವರಿಗೆ ಸಹಿ ಮಾಡಿಕೊಡುವ ಪತ್ರವನ್ನು ವಕಾಲತ್ತು ಎನ್ನುತ್ತಾರೆ.

ನಿಕಾಹ್‌ನ ದಿನ ಮಗಳ ಪರವಾಗಿ ವಕೀಲನಾಗುವುದನ್ನು ಸೋದರಮಾವನೋ ಚಿಕ್ಕಪ್ಪನೋ ಗೌರವವೆಂದು ತಿಳಿಯುತ್ತಾನೆ. ಆದರೆ ಅದೇ ದಾಂಪತ್ಯ ಮುರಿಯುವ ಹಂತಕ್ಕೆ ಬಂದಾಗ, ‘ವಕೀಲರನ್ನು ಕಾಣೋಣ’ ಎಂಬ ಮಾತು ಅದೇ ಮನೆಯಲ್ಲಿ ಅವಮಾನವೆನಿಸುತ್ತದೆ. ಮದ್ರಸಾದಲ್ಲಿ ಪಾಠ ಹೇಳುವವನಾದ್ದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಜನ ನಿಕಾಹ್‌ನಾಮೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಬಳಿಗೂ ಬರುವುದುಂಟು. ಅವರು ಮೊದಲು ಕೇಳುವುದು ಫಿಕ್‌ಹ್‌ನ ಸೂಕ್ಷ್ಮ ಪ್ರಶ್ನೆಯನ್ನಲ್ಲ. “ಹಜರತ್, ಕೋರ್ಟಿಗೆ ಹೋದರೆ ಗುನಾಹ್ ಆಗುತ್ತದೆಯೇ? ಜಮಾಅತ್‌ನವರು ಏನೆಂದುಕೊಳ್ಳುತ್ತಾರೆ?” ಎಂದು ಕೇಳುತ್ತಾರೆ. ಈ ಭಯಕ್ಕೆ ಉತ್ತರ ಸಿಗದ ಹೊರತು ಉಳಿದ ಯಾವ ಮಾಹಿತಿಯೂ ಅವರಿಗೆ ಉಪಯೋಗಕ್ಕೆ ಬಾರದು.

ಪವಿತ್ರ ಕುರ್‌ಆನಿನ 58ನೆಯ ಅಧ್ಯಾಯದ ಹೆಸರು ಅಲ್ ಮುಜಾದಲ. ವಾದಿಸುವ ಮಹಿಳೆ ಎಂಬುದು ಅದರ ಭಾವ. ಖೌಲಾ ಬಿಂತ್ ಸಅಲಬಾ(ರ) ಎಂಬ ಮಹಿಳೆ ತಮ್ಮ ಪತಿಯ ಒಂದು ಮಾತಿನಿಂದ ಅತ್ತ ಪತ್ನಿಯೂ ಅಲ್ಲದ, ಇತ್ತ ಬಿಡುಗಡೆಯೂ ಇಲ್ಲದ ಸ್ಥಿತಿಗೆ ಬಂದರು. ಅವರು ಮನೆಯೊಳಗೆ ಅಳುತ್ತ ಕೂರಲಿಲ್ಲ. ಪ್ರವಾದಿವರ್ಯರ(ಸ) ಬಳಿಗೆ ಬಂದು ತಮ್ಮ ಅಹವಾಲನ್ನು ಮತ್ತೆ ಮತ್ತೆ ಮಂಡಿಸಿದರು. ಆ ಮಹಿಳೆಯ ವಾದವನ್ನು ತಾನು ಆಲಿಸಿದ್ದೇನೆಂದು ಸಾರುತ್ತಲೇ ಅಲ್ಲಾಹನು ಆ ಅಧ್ಯಾಯವನ್ನು ಆರಂಭಿಸಿದ್ದಾನೆ. ದಾಂಪತ್ಯದ ದೂರನ್ನು ನ್ಯಾಯ ಹೇಳುವವರ ಮುಂದಿಡುವುದು ಹಯಾಗೆ ವಿರುದ್ಧವಾಗಿದ್ದರೆ ಅದಕ್ಕೆ ಈ ಸ್ಥಾನ ಸಿಗುತ್ತಿತ್ತೇ?

ಅನುಮತಿಸಲ್ಪಟ್ಟ ಕಾರ್ಯಗಳಲ್ಲಿ ತಲಾಕ್ ಅಲ್ಲಾಹನಿಗೆ ಅತ್ಯಂತ ಅಪ್ರಿಯವಾದುದು ಎಂಬ ಮಾತನ್ನು ನಾವೆಲ್ಲರೂ ಬಲ್ಲೆವು. ಅದನ್ನು ಹೇಳಿ ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಅಗಲಿಕೆ ಅನಿವಾರ್ಯವಾದಾಗ ಅದು ಹೇಗಿರಬೇಕೆಂದು ಕುರ್‌ಆನ್ ಹಂತಹಂತವಾಗಿ ಕಲಿಸಿದೆ. ಮೊದಲು ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರು ಕೂಡಿ ರಾಜಿಗೆ ಯತ್ನಿಸಬೇಕು (4:35). ತಲಾಕ್ ಕೊಟ್ಟರೆ ಇದ್ದತ್‌ನ ಲೆಕ್ಕ ಇಡಬೇಕು, ಆ ಅವಧಿಯಲ್ಲಿ ಪತ್ನಿಯನ್ನು ಮನೆಯಿಂದ ಹೊರಹಾಕಬಾರದು (65:1). ಇಬ್ಬರು ನ್ಯಾಯವಂತ ಸಾಕ್ಷಿಗಳಿರಬೇಕು (65:2). ಇಟ್ಟುಕೊಂಡರೆ ಸೌಜನ್ಯದಿಂದ, ಬಿಟ್ಟರೆ ಉಪಕಾರದಿಂದ (2:229). ಕೊಟ್ಟದ್ದು ರಾಶಿ ರಾಶಿ ಸಂಪತ್ತಾಗಿದ್ದರೂ ಹಿಂದಕ್ಕೆ ಕಸಿಯಬಾರದು (4:20). ಅಗಲಿದವಳಿಗೆ ಜೀವನಾನುಕೂಲ ಒದಗಿಸುವುದು ಧರ್ಮನಿಷ್ಠರ ಮೇಲಿನ ಹೊಣೆ (2:241). ಈ ಆಜ್ಞೆಗಳಲ್ಲಿ ಪ್ರತಿಯೊಂದೂ ಲೆಕ್ಕ, ಸಾಕ್ಷಿ ಮತ್ತು ಹೊಣೆಗಾರಿಕೆಯನ್ನು ಬೇಡುತ್ತದೆ. ಬಾಯಿಮಾತಿನಲ್ಲಿ ಇದು ಉಳಿಯದ ಕಾಲದಲ್ಲಿ ಅದನ್ನು ಕಾಗದದ ಮೇಲೆ ಉಳಿಸುವವನೇ ವಕೀಲ. ಅಲ್ ಬಕರ ಅಧ್ಯಾಯದ 282ನೆಯ ಸೂಕ್ತವು ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ. ಅದರ ವಿಷಯ ಸಾಲದ ಕರಾರನ್ನು ಬರೆದಿಡುವುದು. ಸಾಲಕ್ಕೆ ಬರಹ ಬೇಕೆಂದ ದೀನ್, ಒಂದು ಹೆಣ್ಣಿನ ಬಾಳಿನ ಹಕ್ಕನ್ನು ಬಾಯಿಮಾತಿಗೆ ಬಿಡಲು ಹೇಗೆ ಒಪ್ಪೀತು?

ನಮ್ಮ ಐದು ತಾಲ್ಲೂಕುಗಳಲ್ಲಿ ನಾನು ಕಂಡ ಮಟ್ಟಿಗೆ, ಅತಿ ಹೆಚ್ಚು ಕಣ್ಣೀರಿಗೆ ಕಾರಣವಾಗಿರುವುದು ತಲಾಕ್ ಅಲ್ಲ. ತಲಾಕನ್ನೂ ಕೊಡದೆ, ಕರೆದುಕೊಂಡೂ ಹೋಗದೆ ಬಿಡುವುದು. ರಾಯಬಾಗ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ವೃದ್ಧ ತಂದೆಯೊಬ್ಬರ ಮಗಳು ಮೂರು ವರ್ಷಗಳಿಂದ ತವರಿನಲ್ಲಿದ್ದಳು. ಗಂಡ ಇಚಲಕರಂಜಿಯಲ್ಲಿ ದುಡಿಯುತ್ತಿದ್ದ. ಒಂದು ರೂಪಾಯಿ ಕಳಿಸಿರಲಿಲ್ಲ. “ನಾವೇನು ತಲಾಕ್ ಕೊಟ್ಟಿದ್ದೇವೆಯೇ?” ಎಂಬುದು ಆ ಮನೆಯವರ ಉತ್ತರವಾಗಿತ್ತು. ಅದೇನೋ ದೊಡ್ಡ ಉಪಕಾರವೆಂಬಂತೆ ಅವರು ಹೇಳಿದ್ದರು. ಹೆಂಡತಿಯನ್ನು ತೂಗುಹಾಕಿದಂತೆ ಬಿಡಬಾರದೆಂದು 4:129ರಲ್ಲಿ ಎಚ್ಚರಿಕೆಯಿದೆ. ಹಿಂಸಿಸುವ ಸಲುವಾಗಿ ತಡೆಹಿಡಿಯಬಾರದೆಂದು 2:231ರಲ್ಲಿ ಆಜ್ಞೆಯಿದೆ. ಆ ತಂದೆಗೆ ಈ ಸೂಕ್ತಗಳು ಸಮಾಧಾನ ಕೊಟ್ಟವು. ಆದರೆ ದಾರಿ ತೋರಿಸಿದ್ದು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ.

ಈ ಕಾಯ್ದೆಯ ಹಿನ್ನೆಲೆಯನ್ನು ನಮ್ಮ ಕುಟುಂಬಗಳು ತಿಳಿಯಬೇಕು. ಗಂಡ ಕಾಣೆಯಾದರೂ, ಅನ್ನ ಕೊಡದಿದ್ದರೂ ಹನಫಿ ಫಿಕ್‌ಹ್‌ನಲ್ಲಿ ಹೆಂಡತಿಗೆ ಬಿಡುಗಡೆಯ ದಾರಿ ಬಹಳ ಕಿರಿದಾಗಿತ್ತು. ದಿಕ್ಕು ಕಾಣದ ಕೆಲವು ಮಹಿಳೆಯರು ನಿಕಾಹ್ ಕಳಚಿಕೊಳ್ಳಲೆಂದೇ ಧರ್ಮವನ್ನು ತ್ಯಜಿಸುವ ಸ್ಥಿತಿ ಬಂದಿತ್ತು. ಆಗ ಮೌಲಾನಾ ಅಶ್ರಫ್ ಅಲಿ ಥಾನವಿಯವರು 1930ರ ದಶಕದಲ್ಲಿ ‘ಅಲ್ ಹೀಲತುನ್ ನಾಜಿಝಾ’ ಎಂಬ ಕೃತಿಯನ್ನು ಹೊರತಂದು, ಇಂತಹ ಸಂಕಟದಲ್ಲಿ ಮಾಲಿಕೀ ಮದ್‌ಹಬ್‌ನ ತೀರ್ಪುಗಳನ್ನು ಅನುಸರಿಸಬಹುದೆಂದು ತೋರಿಸಿದರು. ಆ ಚಿಂತನೆಯೇ 1939ರ ಕಾಯ್ದೆಗೆ ಬುನಾದಿಯಾಯಿತು. ನ್ಯಾಯಾಲಯದ ಬಾಗಿಲನ್ನು ಮಹಿಳೆಗೆ ತೆರೆದದ್ದು ದೀನಿನ ಶತ್ರುಗಳಲ್ಲ, ಉಲಮಾಗಳ ಕಳಕಳಿ.

ಕಾಯ್ದೆಯಲ್ಲಿ ಒಂಬತ್ತು ಕಾರಣಗಳಿವೆ. ಗಂಡ ನಾಲ್ಕು ವರ್ಷಗಳಿಂದ ಎಲ್ಲಿದ್ದಾನೆಂದು ತಿಳಿಯದಿರುವುದು, ಎರಡು ವರ್ಷ ಜೀವನಾಂಶ ಕೊಡದಿರುವುದು, ಏಳು ವರ್ಷ ಅಥವಾ ಹೆಚ್ಚಿನ ಜೈಲುಶಿಕ್ಷೆಗೆ ಗುರಿಯಾಗಿರುವುದು, ಸಕಾರಣವಿಲ್ಲದೆ ಮೂರು ವರ್ಷ ದಾಂಪತ್ಯದ ಹೊಣೆಗಳನ್ನು ನಿರ್ವಹಿಸದಿರುವುದು, ಕ್ರೌರ್ಯ ಇವುಗಳಲ್ಲಿ ಮುಖ್ಯವಾದವು. ಹೊಡೆತ ಮಾತ್ರವೇ ಕ್ರೌರ್ಯವಲ್ಲ. ನಡತೆಯಿಂದ ಬದುಕನ್ನು ದುಸ್ತರಗೊಳಿಸುವುದು, ಆಕೆಯ ಆಸ್ತಿಯನ್ನು ಮಾರಿಬಿಡುವುದು, ಧಾರ್ಮಿಕ ಆಚರಣೆಗೆ ಅಡ್ಡಿಪಡಿಸುವುದು, ಇಬ್ಬರು ಹೆಂಡಿರಿದ್ದು ಕುರ್‌ಆನಿನ ಆದೇಶದಂತೆ ಸಮಾನವಾಗಿ ನಡೆಸಿಕೊಳ್ಳದಿರುವುದು ಕೂಡ ಆ ಕಾಯ್ದೆಯಂತೆ ಕ್ರೌರ್ಯವೇ. ಹೀಗೆ ಬಿಡುಗಡೆ ಪಡೆದ ಮಾತ್ರಕ್ಕೆ ಮಹ್ರ್‌ನ ಹಕ್ಕು ಹೋಗುವುದಿಲ್ಲ ಎಂದು ಐದನೆಯ ಕಲಮು ಸ್ಪಷ್ಟಪಡಿಸಿದೆ.

ಇಲ್ಲಿ ದೀನ್‌ದಾರ್ ಕುಟುಂಬಗಳ ಪ್ರಾಮಾಣಿಕ ಪ್ರಶ್ನೆಯೊಂದಿದೆ. ಮುಸ್ಲಿಮೇತರ ನ್ಯಾಯಾಧೀಶರ ಡಿಕ್ರಿಯಿಂದ ಶರೀಅತ್ ಪ್ರಕಾರ ನಿಕಾಹ್ ಮುಗಿಯುತ್ತದೆಯೇ? ಈ ಅಂಶದ ಬಗ್ಗೆ ಕಾಯ್ದೆ ಬಂದಾಗಲೇ ಉಲಮಾಗಳು ಆಕ್ಷೇಪ ಎತ್ತಿದ್ದರು. ಕಾನೂನಿನ ಮಟ್ಟಿಗೆ ಡಿಕ್ರಿ ಸಂಪೂರ್ಣ ಸಿಂಧು. ಮನಸ್ಸಿನ ಸಮಾಧಾನಕ್ಕೆ ಸುಲಭವಾದ ಮಾರ್ಗವೂ ಉಂಟು. ಮೊಕದ್ದಮೆ ನಡೆಯುತ್ತಿರುವಾಗಲೇ ಗಂಡನಿಂದ ಖುಲಾ ಅಥವಾ ಮುಬಾರಾತ್‌ಗೆ ಒಪ್ಪಿಗೆ ಪಡೆದು, ಇಬ್ಬರು ಸಾಕ್ಷಿಗಳ ಎದುರು ಬರೆಯಿಸಿ, ಅದನ್ನೇ ರಾಜಿಪತ್ರವಾಗಿ ನ್ಯಾಯಾಲಯದಲ್ಲಿ ದಾಖಲಿಸುವುದು. ಆಗ ಗಂಡನ ಮಾತೂ ಆಯಿತು, ನ್ಯಾಯಾಲಯದ ಮುದ್ರೆಯೂ ಬಿತ್ತು. ಗಂಡ ಒಪ್ಪದೆ ಡಿಕ್ರಿಯೇ ಆದರೆ ಅದರ ನಕಲನ್ನು ಮುಫ್ತಿಗಳಿಗೆ ತೋರಿಸಿ ಮಾರ್ಗದರ್ಶನ ಪಡೆಯಬಹುದು.

ಖುಲಾ ಕೇಳುವ ಹೆಣ್ಣನ್ನು ಗರ್ವಿಷ್ಠೆಯೆಂದು ಕಾಣುವವರು ಸಾಬಿತ್ ಬಿನ್ ಕೈಸ್(ರ) ಅವರ ಪತ್ನಿಯ ಪ್ರಸಂಗವನ್ನು ನೆನೆಯಬೇಕು. ಪತಿಯ ಶೀಲದಲ್ಲಾಗಲಿ ದೀನಿನಲ್ಲಾಗಲಿ ದೋಷವಿಲ್ಲವೆಂದು ಹೇಳಿಯೇ ಅವರು ಬಿಡುಗಡೆ ಬೇಡಿದ್ದರು. ಮಹ್ರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸಲು ಅವರು ಒಪ್ಪಿದಾಗ, ಅದನ್ನು ಸ್ವೀಕರಿಸಿ ಬಿಡುಗಡೆ ಮಾಡುವಂತೆ ಪ್ರವಾದಿವರ್ಯರು(ಸ) ಸಾಬಿತರಿಗೆ ಸೂಚಿಸಿದರು. ಆಕೆಯನ್ನು ಯಾರೂ ನಿಂದಿಸಲಿಲ್ಲ.

ಇನ್ನು ಒಂದೇ ಉಸಿರಿನ ಮೂರು ತಲಾಕ್. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2019ರ ಕಾಯ್ದೆಯಂತೆ ಬಾಯಲ್ಲಿ ಹೇಳಲಿ, ಚೀಟಿಯಲ್ಲಿ ಬರೆಯಲಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲಿ, ಅದು ಅಸಿಂಧು. ಹೇಳಿದವನಿಗೆ ಮೂರು ವರ್ಷಗಳವರೆಗೆ ಜೈಲುಶಿಕ್ಷೆ ವಿಧಿಸಬಹುದು. ಆದರೆ ನಮ್ಮ ಬಹುಪಾಲು ಮಸೀದಿಗಳು ಅನುಸರಿಸುವ ಮದ್‌ಹಬ್‌ನಲ್ಲಿ ಮೂರು ಎಂದರೆ ಮೂರೇ. ಅಹ್ಲೆ ಹದೀಸ್ ವಿದ್ವಾಂಸರಲ್ಲಿ ಅದು ಒಂದೇ. ಇದರ ಫಲವಾಗಿ ಒಬ್ಬ ಮಹಿಳೆ ಮುಫ್ತಿಗಳ ದೃಷ್ಟಿಯಲ್ಲಿ ವಿಚ್ಛೇದಿತೆ, ಸರಕಾರದ ದೃಷ್ಟಿಯಲ್ಲಿ ಇನ್ನೂ ಪತ್ನಿ ಎಂಬ ಇಕ್ಕಟ್ಟಿಗೆ ಸಿಲುಕುತ್ತಾಳೆ. ಮರುಮದುವೆಯ ಪ್ರಶ್ನೆ ಬಂದಾಗ ಇದು ದೊಡ್ಡ ತೊಡಕಾಗುತ್ತದೆ. ಅಂತಹವರಿಗೆ ವಕೀಲರ ಅಗತ್ಯ ಉಳಿದವರಿಗಿಂತ ಹೆಚ್ಚು. ಲಿಖಿತ ಖುಲಾ, ಮುಬಾರಾತ್ ಅಥವಾ ಡಿಕ್ರಿಯ ಮೂಲಕ ಎರಡೂ ಕಡೆಯ ಲೆಕ್ಕ ಒಂದಾಗಬೇಕು. ಪುರುಷರಿಗೂ ಒಂದು ಮಾತು: ತಲಾಕ್‌ಗೆ ಸಕಾರಣವಿರಬೇಕು, ಅದಕ್ಕೆ ಮೊದಲು ಎರಡೂ ಕಡೆಯ ಮಧ್ಯಸ್ಥರಿಂದ ರಾಜಿಯತ್ನ ನಡೆದಿರಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿದೆ. ನೂರು ರೂಪಾಯಿಯ ಬಾಂಡ್ ಮೇಲೆ ಬರೆಯಿಸಿ ಅಂಚೆಯಲ್ಲಿ ಕಳಿಸಿದರೆ ಕೆಲಸ ಮುಗಿಯಿತೆಂದು ಭಾವಿಸಿದವರು ಅನಂತರ ವರ್ಷಗಟ್ಟಲೆ ಅಲೆಯುತ್ತಾರೆ.

ಜೀವನಾಂಶದ ಬಗ್ಗೆ ಇರುವ ತಪ್ಪು ತಿಳಿವಳಿಕೆಯೆಂದರೆ, ಇದ್ದತ್ ಮುಗಿದ ಮೇಲೆ ಗಂಡನಾಗಿದ್ದವನಿಗೆ ಯಾವ ಹೊಣೆಯೂ ಇಲ್ಲ ಎಂಬುದು. 1986ರ ಕಾಯ್ದೆಯನ್ನು ವಿವರಿಸುತ್ತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲಿ ಹೇಳಿದ್ದು ಹೀಗೆ: ಇದ್ದತ್ ಎಂಬುದು ಕೊಡಬೇಕಾದ ಗಡುವು, ಕೊಡುವ ಮೊತ್ತ ಮಾತ್ರ ಆಕೆಯ ಮುಂದಿನ ಬದುಕನ್ನೂ ಗಮನದಲ್ಲಿಟ್ಟುಕೊಂಡು ನ್ಯಾಯೋಚಿತವಾಗಿರಬೇಕು. ಅಗಲಿದ ಮುಸ್ಲಿಂ ಮಹಿಳೆ ಎಲ್ಲರಿಗೂ ಅನ್ವಯಿಸುವ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಡಿಯೂ ಜೀವನಾಂಶ ಕೇಳಬಹುದೆಂದು 2024ರ ಜುಲೈ 10ರಂದು ಅದೇ ನ್ಯಾಯಾಲಯ ತೀರ್ಪಿತ್ತಿದೆ. ಈಗ ಆ ಕಲಮು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ಅಂತಿಮ ಆದೇಶಕ್ಕೆ ಮೊದಲೇ ಮಧ್ಯಂತರ ಜೀವನಾಂಶ ಕೇಳಬಹುದು. ನೋಟೀಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟೂ ಅದನ್ನು ತೀರ್ಮಾನಿಸಬೇಕೆಂದು ಕಾನೂನೇ ಹೇಳಿದೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆಯನ್ನು ನೋಡಿ. ಬೆಂಗಳೂರಿನಲ್ಲಿ 5,000 ರೂಪಾಯಿ ಮಹ್ರ್‌ಗೆ ನಡೆದಿದ್ದ ನಿಕಾಹ್ 1991ರಲ್ಲಿ ತಲಾಕ್‌ನಲ್ಲಿ ಕೊನೆಗೊಂಡಿತು. ಮಹಿಳೆ 2002ರಲ್ಲಿ ಜೀವನಾಂಶಕ್ಕಾಗಿ ದಾವೆ ಹೂಡಿದರು. ಕೌಟುಂಬಿಕ ನ್ಯಾಯಾಲಯ 2011ರಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡಬೇಕೆಂದು ಆದೇಶಿಸಿತು. ಮಹ್ರ್ ಕೊಟ್ಟಾಗಿದೆ, ಇದ್ದತ್ ಮುಗಿದಿದೆ ಎಂಬ ವಾದವನ್ನು ಒಪ್ಪದೆ ಕರ್ನಾಟಕ ಹೈಕೋರ್ಟ್ 2021ರ ಅಕ್ಟೋಬರಿನಲ್ಲಿ ಆ ಆದೇಶವನ್ನು ಎತ್ತಿಹಿಡಿಯಿತು. ನಿಕಾಹ್ ಒಂದು ಕರಾರು. ಆದರೆ ಆ ಕರಾರು ಮುಗಿದ ಮಾತ್ರಕ್ಕೆ ಅದರಿಂದ ಹುಟ್ಟಿದ ಹೊಣೆಗಳು ಅಳಿಸಿಹೋಗುವುದಿಲ್ಲ ಎಂಬುದು ಅಲ್ಲಿನ ತಿರುಳು. ನ್ಯಾಯ ಸಿಕ್ಕಿತು, ಆದರೆ ತಲಾಕ್ ಮತ್ತು ಹೈಕೋರ್ಟ್ ತೀರ್ಪಿನ ನಡುವೆ ಮೂವತ್ತು ವರ್ಷಗಳು ಕಳೆದವು. ಅಗಲುವ ದಿನವೇ ಉಪಕಾರದಿಂದ ಲೆಕ್ಕ ತೀರಿಸಿದ್ದರೆ ಆ ಮೂವತ್ತು ವರ್ಷಗಳು ಇಬ್ಬರಿಗೂ ಉಳಿಯುತ್ತಿದ್ದವು.

ಮಕ್ಕಳು ಯಾರಿಗೆ? ಹನಫಿ ಫಿಕ್‌ಹ್ ಪ್ರಕಾರ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಹಿಝಾನತ್‌ನಲ್ಲಿರುತ್ತದೆ. ನ್ಯಾಯಾಲಯ ಎಲ್ಲಕ್ಕಿಂತ ಮಿಗಿಲಾಗಿ ಮಗುವಿನ ಹಿತವನ್ನು ನೋಡುತ್ತದೆ. ಮಗು ಯಾರ ಬಳಿಯೇ ಇರಲಿ, ಅದರ ಊಟ, ಬಟ್ಟೆ, ಶಾಲೆಯ ಖರ್ಚು ತಂದೆಯ ಹೊಣೆ. ತಾಯಿಯ ಮೇಲಿನ ಕೋಪಕ್ಕೆ ಮಗುವಿನ ಫೀಸು ನಿಲ್ಲಿಸುವುದು ಶರೀಅತ್‌ನಲ್ಲೂ ಇಲ್ಲ, ಕಾನೂನಿನಲ್ಲೂ ಇಲ್ಲ.

ಗಡಿಭಾಗದವರಾದ ನಮಗೆ ಇನ್ನೊಂದು ತೊಡಕಿದೆ. ನಿಪ್ಪಾಣಿಯ ಮಗಳನ್ನು ಕಾಗಲಕ್ಕೋ ಕೊಲ್ಹಾಪುರಕ್ಕೋ, ಕಾಗವಾಡದ ಮಗಳನ್ನು ಮಿರಜಕ್ಕೋ ಸಾಂಗ್ಲಿಗೋ ಕೊಡುತ್ತೇವೆ. ಜಗಳವಾದಾಗ ‘ಕೇಸು ಅಲ್ಲಿಯೇ ಆಗಬೇಕು’ ಎಂದು ಹೆದರಿಸುತ್ತಾರೆ. ಜೀವನಾಂಶದ ಅರ್ಜಿಯನ್ನು ಪತ್ನಿ ತಾನು ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿಯೇ ಸಲ್ಲಿಸಬಹುದು. ಕೌಟುಂಬಿಕ ಹಿಂಸಾಚಾರದ ವಿರುದ್ಧದ 2005ರ ಕಾಯ್ದೆಯಡಿಯೂ ತಾತ್ಕಾಲಿಕವಾಗಿ ತವರಿನಲ್ಲಿರುವವಳು ತವರೂರಿನ ವ್ಯಾಪ್ತಿಯಲ್ಲೇ ಅರ್ಜಿ ಕೊಡಬಹುದು. ವಿವಾಹ ವಿಸರ್ಜನೆಯ ದಾವೆ ಎಲ್ಲಿ ಎಂಬುದು ಬೇರೆ ಪ್ರಶ್ನೆ. ವಕೀಲರಿಗೆ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಬೀಡಿ ಕಟ್ಟಿ ಬದುಕುವ ಹೆಣ್ಣಿಗೆ ಒಂದು ತಾರೀಖು ಎಂದರೆ ಒಂದು ದಿನದ ಕೂಲಿ.

ಕಾಗದಗಳ ಭಾಷೆಯೂ ನಮ್ಮಲ್ಲಿ ಒಂದಲ್ಲ. ನಿಕಾಹ್‌ನಾಮೆ ಉರ್ದುವಿನಲ್ಲಿ, ಪಂಚರ ಕರಾರು ಮರಾಠಿಯಲ್ಲಿ, ಅರ್ಜಿ ಕನ್ನಡದಲ್ಲಿ. ಆದ್ದರಿಂದ ವಕೀಲರನ್ನು ಕಾಣುವ ಮೊದಲೇ ನಿಕಾಹ್‌ನಾಮೆಯ ನಕಲು, ಮಕ್ಕಳ ಜನನ ಪ್ರಮಾಣಪತ್ರ, ಕೊಟ್ಟ ಒಡವೆ ಮತ್ತು ಸಾಮಾನುಗಳ ಪಟ್ಟಿ, ರಸೀದಿಗಳು, ಹಣ ಕಳಿಸಿದ ಬ್ಯಾಂಕ್ ದಾಖಲೆ, ಫೋನಿನ ಸಂದೇಶಗಳು ಇವನ್ನೆಲ್ಲ ಒಂದೆಡೆ ಸೇರಿಸಿಡಿ. ಮಹ್ರ್ ಎಷ್ಟು, ಕೊಟ್ಟದ್ದೆಷ್ಟು, ಬಾಕಿ ಎಷ್ಟು ಎಂಬುದನ್ನು ದಿನಾಂಕ ಸಹಿತ ಬರೆದಿಡಿ.

ಎಂತಹ ವಕೀಲರನ್ನು ಹುಡುಕಬೇಕು? ‘ನಮ್ಮವರೇ ಆಗಿರಬೇಕೇ?’ ಎಂದು ಕೆಲವರು ಕೇಳುತ್ತಾರೆ. ಹಿಜ್ರತ್‌ನ ಅಪಾಯಕಾರಿ ಪ್ರಯಾಣದಲ್ಲಿ ಪ್ರವಾದಿವರ್ಯರೂ(ಸ) ಅಬೂಬಕರ್ ಸಿದ್ದೀಕ್‌ರೂ(ರ) ದಾರಿ ತೋರಲು ಗೊತ್ತುಪಡಿಸಿಕೊಂಡವರು ಅಬ್ದುಲ್ಲಾ ಬಿನ್ ಉರೈಕಿತ್. ಅವರು ಆಗ ಮುಸ್ಲಿಮರಾಗಿರಲಿಲ್ಲ. ಆದರೆ ದಾರಿ ಬಲ್ಲವರಾಗಿದ್ದರು, ನಂಬಿಕೆಗೆ ಅರ್ಹರಾಗಿದ್ದರು. ವಕೀಲರಲ್ಲೂ ನೋಡಬೇಕಾದದ್ದು ಇವೆರಡನ್ನೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ನಾಲ್ಕೂ ಕಡೆ ನ್ಯಾಯಾಲಯಗಳಿವೆ. ಕೌಟುಂಬಿಕ ಮೊಕದ್ದಮೆಗಳನ್ನು ನಿರಂತರ ನಡೆಸುವವರು ಯಾರೆಂದು ಅಲ್ಲಿ ನಾಲ್ವರನ್ನು ಕೇಳಿದರೆ ತಿಳಿಯುತ್ತದೆ. 1939, 1986 ಮತ್ತು 2019ರ ಕಾಯ್ದೆಗಳನ್ನು ಬಲ್ಲರೇ, ರಾಜಿಗೆ ಅವಕಾಶವಿದ್ದರೆ ಅದನ್ನು ಹೇಳುತ್ತಾರೆಯೇ, ನಿಮ್ಮ ಮಾತನ್ನು ಪೂರ್ತಿ ಕೇಳುತ್ತಾರೆಯೇ ಎಂದು ಗಮನಿಸಿ. ಗೆಲುವಿನ ಭರವಸೆ ಕೊಡುವವರಿಂದ ದೂರವಿರಿ. ಶುಲ್ಕವನ್ನು ಮೊದಲೇ ಮಾತನಾಡಿ ರಸೀದಿ ಪಡೆಯಿರಿ. ಬರುವ ಹಣದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಖಾಲಿ ಕಾಗದಕ್ಕೆ ಯಾರು ಹೇಳಿದರೂ ಸಹಿ ಹಾಕಬೇಡಿ. ಕೇಸಿನ ಸಿಎನ್ಆರ್ ಸಂಖ್ಯೆಯನ್ನು ಕೇಳಿ ಪಡೆದರೆ ಮುಂದಿನ ತಾರೀಖನ್ನು ಮೊಬೈಲಿನಲ್ಲೇ ನೋಡಬಹುದು.

ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಪ್ರತಿಯೊಬ್ಬ ಮಹಿಳೆಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸುತ್ತಾರೆ. 15100 ಸಂಖ್ಯೆಗೆ ಕರೆ ಮಾಡಿಯೂ ಸಲಹೆ ಪಡೆಯಬಹುದು. ಇದು ಸದಕಾ ಅಲ್ಲ, ಹಕ್ಕು.

ಹಾಗಾದರೆ ಜಮಾಅತ್‌ಗೆ ಕೆಲಸವಿಲ್ಲವೇ? ಖಂಡಿತ ಇದೆ. ಫತ್ವಾಕ್ಕೆ ಕಾನೂನಿನ ಬಲವಿಲ್ಲ, ಅದನ್ನು ಯಾರ ಮೇಲೂ ಹೇರಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ರಾಜಿ ಮಾಡಿಸುವುದನ್ನು ಯಾರೂ ನಿಷೇಧಿಸಿಲ್ಲ. ಬರೀರಾ(ರ) ಎಂಬ ಮಹಿಳೆಗೆ ಪತಿಯೊಂದಿಗೆ ಉಳಿಯುವಂತೆ ಪ್ರವಾದಿವರ್ಯರು(ಸ) ಹೇಳಿದಾಗ, ಇದು ಆಜ್ಞೆಯೋ ಶಿಫಾರಸೋ ಎಂದು ಆಕೆ ಕೇಳಿದರು. ಶಿಫಾರಸು ಮಾತ್ರ ಎಂದು ತಿಳಿದ ಮೇಲೆ ತಮಗೆ ಬೇಡವೆಂದರು. ಪ್ರವಾದಿವರ್ಯರು(ಸ) ಒತ್ತಾಯಿಸಲಿಲ್ಲ. ಅಲ್ಲಾಹನ ರಸೂಲರೇ ಶಿಫಾರಸಿನಲ್ಲಿ ನಿಂತಿರುವಾಗ, ನಮ್ಮ ಪಂಚರು ಆಜ್ಞೆಯವರೆಗೆ ಹೋಗುವುದು ಎಷ್ಟು ಸರಿ? ಜಮಾಅತ್ ಮಾಡಬೇಕಾದ ಕೆಲಸ ಬೇರೆಯೇ ಇದೆ. ಮಹ್ರ್ ಮತ್ತು ಒಡವೆಯ ಪಟ್ಟಿಯನ್ನು ನಿಕಾಹ್ ದಿನವೇ ಬರೆಯಿಸುವುದು, ರಿಜಿಸ್ಟರನ್ನು ಜೋಪಾನವಾಗಿಡುವುದು, ಕೇಳಿದವರಿಗೆ ಅದರ ನಕಲನ್ನು ತಡಮಾಡದೆ ಕೊಡುವುದು, ಸಾಕ್ಷಿಗೆ ಕರೆ ಬಂದಾಗ ಹಿಂಜರಿಯದಿರುವುದು. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯ ಪಾಪಿಯೆಂದು 2:283ರಲ್ಲಿ ಎಚ್ಚರಿಸಲಾಗಿದೆ.

ಆ ರಾಯಬಾಗದ ಹೆಣ್ಣುಮಗಳಿಗೆ ಉಚಿತ ನೆರವಿನ ವಕೀಲರು ದೊರೆತರು. ನೋಟೀಸು ತಲುಪಿದ ಬಳಿಕ ಗಂಡನ ಮನೆಯವರು ಮಾತುಕತೆಗೆ ಬಂದರು. ಕೊನೆಗೆ ಬಾಕಿ ಮಹ್ರ್ ಮತ್ತು ಒಡವೆಗಳನ್ನು ಹಿಂದಿರುಗಿಸಿ ಮುಬಾರಾತ್ ಆಯಿತು. ಮೂರು ವರ್ಷಗಳ ಮೇಲೆ ಆಕೆ ಮೊದಲ ಬಾರಿಗೆ ತನ್ನ ಇದ್ದತ್‌ನ ದಿನಗಳನ್ನು ಎಣಿಸತೊಡಗಿದಳು. ಇದ್ದತ್ ಎಂಬ ಪದಕ್ಕೆ ಎಣಿಕೆ ಎಂದೇ ಅರ್ಥ. ಕೊನೆಯಿರುವ ಕಾಯುವಿಕೆ ಅದು.

ಅಲ್ಲಾಹನು ನಮ್ಮ ಮನೆಗಳಲ್ಲಿ ಪ್ರೀತಿ ಮತ್ತು ಕರುಣೆಯನ್ನು ನೆಲೆಗೊಳಿಸಲಿ. ಅಗಲಲೇಬೇಕಾದವರಿಗೆ ಉಪಕಾರದಿಂದ ಅಗಲುವ ತೌಫೀಕ್ ನೀಡಲಿ. ಕೊಡಬೇಕಾದವರು ಕೊಡುವಂತಾಗಲಿ, ಕೇಳಬೇಕಾದವರು ನಾಚದೆ ಕೇಳುವಂತಾಗಲಿ. ಆಮೀನ್.